ಅಕ್ಷರ ಸವದಾವೋ ಮೂಕ

ಹೊಸಪೇಟೆ,
14 ಫೆಬ್ರವರಿ 1988

ಸ್ವಸ್ತಿಶ್ರೀ. ಕಂಪ್ಲಿ ಸೀಮೆಯ ಸಮಸ್ತ ಕಬ್ಬಿನ ಗದ್ದೆಗಳ ಒಡತಿಯೂ, ಉಳ್ಳಾಗಡ್ಡಿ ಚಟ್ನಿಯಲ್ಲಿ ಅಪ್ರತಿಮಳೂ, ತಮ್ಮನ ಕಿವಿ ಹಿಂಡುವ ಕಾಳಗದಲ್ಲಿ ಎಂದೂ ಸೋಲದವಳೂ ಆದ ಅಕ್ಕ ಹಂಪಕ್ಕನ ಪಾದಕ್ಕೆ, ಕಡ್ಡಿರಾಂಪುರದ ಹುಲುಗಪ್ಪನ ಮಗ ಮೂಕಣ್ಣನು ಹೊಸಪೇಟೆಯ ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ಇದ್ದುಕೊಂಡು ಬರೆಸಿದ ಓಲೆ.

ಬರೆಸಿದ್ದು ಎಲ್ಲಿಂದ ಬಂತು, ನಾನೇ ಬರೆದದ್ದು. ಲಿಪಿಕಾರನನ್ನು ಇಟ್ಟುಕೊಳ್ಳುವ ಶಕ್ತಿ ಈ ವರ್ಷ ನಮ್ಮ ವಿಭಾಗಕ್ಕಿಲ್ಲ. ಸುಖವೂ ಅಷ್ಟಕ್ಕಷ್ಟೆ. ಸಂಕ್ರಾಂತಿಗೆ ಬರೆಯಬೇಕಾದ ಕಾಗದ ಶಿವರಾತ್ರಿ ಬಾಗಿಲಿಗೆ ಬಂದಾಗ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮೊದಲೊಂದು ಬರೆದಿದ್ದೆ. ವಿಭಾಗದ ಮೇಜಿನ ಮೇಲಿಟ್ಟು ಚಹಾಕ್ಕೆ ಹೋಗಿ ಬರುವುದರಲ್ಲಿ ಇರುವೆಗಳು ಅಂಟು ಹಚ್ಚಿದ ಅಂಚನ್ನೆಲ್ಲ ತಿಂದು ಮುಗಿಸಿದ್ದವು. ನಿನಗೆ ಗೊತ್ತಲ್ಲ, ಬಸವಣ್ಣ ಕಾಲುವೆ ಪಕ್ಕದ ನಮ್ಮ ಶಾಸನ ವಿಭಾಗ ಮೊದಲು ಬೆಲ್ಲದ ಗೋಡೌನು. ಬೆಲ್ಲ ಹೋಗಿ ಎಷ್ಟೋ ವರ್ಷ ಆದರೂ ಇರುವೆಗಳಿಗೆ ಯಾರೂ ಸುದ್ದಿ ಮುಟ್ಟಿಸಿಲ್ಲ. ಹಾಜರಿ ತಪ್ಪದೆ ಬರುವವರು ಈಗ ಅವು ಮಾತ್ರ.

ನಿನ್ನ ಮೇಲೂ ಒಂದು ದೂರು ದಾಖಲಾಗಲಿ. ಮದುವೆಯಾದ ಹೊಸದರಲ್ಲಿ ನಾಲ್ಕು ನಾಲ್ಕು ಪುಟ ಬರೆಯುತ್ತಿದ್ದೆ. ಹೊಳೆಮ್ಮ ಹುಟ್ಟಿದ ಮೇಲೆ ಒಂದು ಸಾಲಿಲ್ಲ. ಭಾವ ಹೊಸಪೇಟೆಗೆ ಅಕ್ಕಿ ಹಾಕಲು ಬಂದಾಗ ಅವರ ಕೈಲಿ ಬಾಯಿಮಾತು ಕಳಿಸುತ್ತೀ. ವಿರೂಪಾಕ್ಷಪ್ಪ ಭಾವನ ಬಾಯಲ್ಲಿ ಮಾತು ಕಳಿಸುವುದೂ ಎತ್ತಿನ ಗಾಡಿಯಲ್ಲಿ ತಂತಿ ಕಳಿಸುವುದೂ ಒಂದೇ. ಮೊನ್ನೆ ಬಂದವರು ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರು ಓದುವ ಚೆಂದ ನಿನಗೇನು ಹೊಸದಲ್ಲ. ಒಂದೊಂದು ಅಕ್ಷರವನ್ನೂ ಎಮ್ಮೆ ಮೆಲುಕು ಹಾಕಿದ ಹಾಗೆ ಈ ದವಡೆಯಿಂದ ಆ ದವಡೆಗೆ ಸರಿಸಿ, ಕಣ್ಣು ಅರ್ಧ ಮುಚ್ಚಿ, ನುಂಗಲೋ ಬೇಡವೋ ಅಂತ ಯೋಚಿಸಿ ನುಂಗುತ್ತಾರೆ. ಅವರ ಕೈಗೆ ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ, ಓದಿ ಮುಗಿಸುವುದರಲ್ಲಿ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರುತ್ತಾರೆ.

ಇರಲಿ. ಈಗ ವಿಭಾಗದ ವಾರ್ಷಿಕ ವರದಿ. ಸೆರಗು ಸರಿಮಾಡಿಕೊಂಡು, ಗಂಭೀರವಾಗಿ ಕೂತು ಕೇಳಬೇಕು.

ಕಳೆದ ಸಾಲಿನಲ್ಲಿ ವಿಭಾಗವು ಎಲ್ಲ ದಿಕ್ಕುಗಳಲ್ಲೂ ಮುನ್ನಡೆದಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಜೀಪು ದಕ್ಷಿಣ ದಿಕ್ಕಿಗೆ ಮುನ್ನಡೆಯಿತು, ಅಂದರೆ ದೊಡ್ಡ ಆಫೀಸಿನವರು ವಾಪಸ್ ತಗೊಂಡು ಹೋದರು. ಎರಡನೇ ಲೆಕ್ಚರರ್ ಉತ್ತರ ದಿಕ್ಕಿಗೆ ವರ್ಗವಾದರು. ಕಾಗದಕ್ಕೆ, ಮಸಿಗೆ, ಕುಂಚಕ್ಕೆ ಅಂತ ಬರುತ್ತಿದ್ದ ಗ್ರ್ಯಾಂಟು ಯಾವ ದಿಕ್ಕಿಗೆ ಹೋಯಿತೋ ತಿಳಿಯದು. ‘ಪ್ರಗತಿ ತೃಪ್ತಿಕರವಾಗಿಲ್ಲ’ ಅಂತ ಒಂದು ಸಾಲು ಬಂತು, ದುಡ್ಡು ಬರಲಿಲ್ಲ. ನಮ್ಮ ಕಸುಬೇ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು. ಮಸಿ ಇಲ್ಲ, ಕಾಗದ ಇಲ್ಲ ಅಂದರೆ ಬರೀ ಕಲ್ಲು ಉಳಿಯಿತು. ಕಲ್ಲಿಗೆ ಕೊರತೆ ಇಲ್ಲದ ಊರು ಇದು.

ವಿಭಾಗಕ್ಕೆ ಉಳಿದ ಒಬ್ಬರೇ ಮೇಷ್ಟ್ರು ಗಾದಿಲಿಂಗಪ್ಪ ಸರ್ ಮಾತ್ರ ಜಗ್ಗಲಿಲ್ಲ. ‘ಆ ಕಲ್ಲು ಆರುನೂರು ವರ್ಷದಿಂದ ಬಿಸಿಲಾಗ ನಿಂತದ. ಎಂದರ ಗ್ರ್ಯಾಂಟ್ ಕೇಳ್ಯದೇನ್ರಿ?’ ಅಂದರು. ಮರುದಿನ ನಮ್ಮನ್ನೆಲ್ಲ ಕಬ್ಬಿನ ಟ್ರ್ಯಾಕ್ಟರ್ ಹತ್ತಿಸಿ ಕಮಲಾಪುರದ ಕಡೆ ಒಂದು ಬೆಲ್ಲದ ಗಾಣಕ್ಕೆ ಕರೆದುಕೊಂಡು ಹೋದರು. ಗಾಣದ ಒಲೆಯ ಚಿಮಣಿಯೊಳಗೆ ಗೇಣುದ್ದ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು, ಪಂಚೆಯಲ್ಲಿ ಸೋಸಿ, ಜಾಲಿ ಗಿಡದ ಅಂಟು ಕಲಸಿದರೆ ಅಂಗಡಿ ಮಸಿಗಿಂತ ಕಪ್ಪು. ಗಾಣದ ಯಜಮಾನ ನಮ್ಮನ್ನು ನೋಡಿ, ‘ಎಂ.ಎ. ಓದೋ ಹುಡುಗರಂತ್ರಿ? ನಮ್ಮ ಹುಡುಗ ಎಸೆಸೆಲ್ಸಿ ಫೇಲಾಗಿದ್ದಕ್ಕ ನಾನ ಬೈದಿದ್ದೆ. ಇನ್ನ ಬೈಯೋದಿಲ್ಲ’ ಅಂದ. ಬಂಡ್ರಿಯ ಕೆಂಚಣ್ಣ ಗೊತ್ತಲ್ಲ, ಅವರಪ್ಪ ಗಣಿಯಲ್ಲಿ ದುಡಿಯೋದು. ರಜೆಗೆ ಊರಿಗೆ ಹೋಗಿ ಕೆಂಪು ಧೂಳು ಹೊತ್ತು ಬಂದಿದ್ದ, ಅದರ ಮೇಲೆ ಈ ಮಸಿ. ಬಸ್ಸಿನಲ್ಲಿ ಒಬ್ಬ ಮುದುಕಿ ಅವನಿಗೆ ಕೈಮುಗಿದು ನಾಲ್ಕಾಣೆ ಕೊಟ್ಟಳು. ಆ ನಾಲ್ಕಾಣೆಯನ್ನು ಈ ಸಾಲಿನ ವಿಭಾಗದ ಒಟ್ಟು ಆದಾಯ ಎಂದು ದಾಖಲಿಸಲಾಗಿದೆ.

ಈಗ ನಗುವುದನ್ನು ನಿಲ್ಲಿಸು. ಹೋದ ವಾರ ಇನ್ನೊಂದು ಸಾಲು ಬಂತು. ಜುಲೈ ಕೊನೆಯೊಳಗೆ ವಿಭಾಗದ ಹಾಜರಿಯಲ್ಲಿ ಎಂಟು ಹೆಸರು ಇರಬೇಕು. ಇಲ್ಲದಿದ್ದರೆ ವಿಭಾಗ ಮುಚ್ಚಿ, ಕಪಾಟು ಕುರ್ಚಿ ದೊಡ್ಡ ಆಫೀಸಿಗೆ ಒಯ್ಯುತ್ತಾರೆ. ಹೊಸಬರನ್ನು ಸೇರಿಸಿಕೊಳ್ಳೋಣ ಅಂದರೆ, ಎಂಟು ಆಗುವವರೆಗೆ ಹೊಸ ಪ್ರವೇಶಕ್ಕೆ ತಡೆ. ಬಾವಿಗೆ ಇಳಿಯೋಕೆ ಹಗ್ಗ ಕೇಳಿದರೆ, ಹಗ್ಗ ಬಾವಿಯೊಳಗೆ ಇದೆ ಅಂದ ಹಾಗಾಯಿತು.

ನಾವಿರೋದು ಏಳು ಮಂದಿ. ಸರ್ ಹಾಜರಿ ಪುಸ್ತಕದ ಹಳೆ ಹಾಳೆಗಳನ್ನೆಲ್ಲ ತಿರುವಿದರು. ಆಮೇಲೆ, ‘ಹಂಪಕ್ಕ ಬಿಟ್ಟು ಹೋಗಿಲ್ಲಲ್ಲ. ರಜಾ ಮ್ಯಾಲೆ ಹೋಗ್ಯಾಳ’ ಅಂದರು. ನೀನು ಮದುವೆಗೆ ಹೋಗುವಾಗ ಬರೆದುಕೊಟ್ಟಿದ್ದ ರಜೆ ಈ ಜುಲೈವರೆಗೆ ಇದೆಯಂತೆ. ನೀನು ಬಂದು ಎರಡನೇ ವರ್ಷಕ್ಕೆ ಕೂತರೆ ಎಂಟು.

ಆದ್ದರಿಂದ ಅಕ್ಕಾ, ವಿಭಾಗದ ಮಹಾಜನಗಳೂ ಇರುವೆಗಳೂ ಸೇರಿ ನಿನ್ನನ್ನು ಬೇಡಿಕೊಳ್ಳುತ್ತೇವೆ. ಈ ಕಾಗದದ ಜೊತೆ ಒಂದು ಪಡಿಯಚ್ಚು ಕಳಿಸಿದ್ದೇನೆ. ಕಾಲುವೆ ಮೆಟ್ಟಿಲಿನ ಕಲ್ಲು, ಹೆಂಗಸರು ಬಟ್ಟೆ ಒಗೆಯುತ್ತಾರಲ್ಲ, ಅದು. ಕೊನೆಯ ನಾಲ್ಕು ಸಾಲು ನಮ್ಮಲ್ಲಿ ಯಾರಿಗೂ ಹತ್ತುತ್ತಿಲ್ಲ. ನೀನು ಒಂದು ಪಡಿಯಚ್ಚು ಹಿಡಿದು ಕಿಟಕಿಗೆ ನಿಂತರೆ ಸರ್ ತಮ್ಮ ಕುರ್ಚಿ ಸರಿಸಿ ಬೆಳಕು ಬಿಡುತ್ತಿದ್ದರು. ಓದಿ ಕಳಿಸು. ಓದುತ್ತಾ ಓದುತ್ತಾ ನಿನಗೇ ಆಸೆ ಹುಟ್ಟುತ್ತದೆ ಅಂತ ನನ್ನ ಲೆಕ್ಕ.

ಹೊಳೆಮ್ಮನ ಕೆನ್ನೆಗೆ ಮಾವನ ಮುತ್ತು. ಭಾವನಿಗೆ, ಅವರು ಈ ಕಾಗದ ನೋಡದೆ ಇದ್ದರೆ, ನನ್ನ ನಮಸ್ಕಾರ.

ನಿನ್ನ ತಮ್ಮ,
ಮೂಕ


ಹೊಸಪೇಟೆ,
22 ಮೇ 1988

ಪೂಜ್ಯ ಅಕ್ಕನಿಗೆ, ಸೋತು ಬಂದ ದಂಡನಾಯಕ ಮೂಕಣ್ಣನ ಅಡ್ಡಬೀಳುವಿಕೆಗಳು.

ಕಂಪ್ಲಿಯಿಂದ ಬಂದು ಎಂಟು ದಿನವಾದರೂ ಬರೆಯಲಿಲ್ಲ. ತಪ್ಪು ತಿಳಿಯಬೇಡ. ನೀನು ಕಟ್ಟಿಕೊಟ್ಟ ಕರ್ಚಿಕಾಯಿ ಮುಗಿಯುವವರೆಗೆ ನಿನ್ನ ಮೇಲೆ ಸಿಟ್ಟಾಗಿ ಬರೆಯುವುದು ಧರ್ಮವಲ್ಲ ಅಂತ ಕಾದೆ. ನಿನ್ನೆ ಮುಗಿದವು.

ನಡೆದದ್ದೆಲ್ಲ ನಿನ್ನ ಕಣ್ಣ ಮುಂದೆಯೇ ನಡೆಯಿತು. ಆದರೂ ವಿಭಾಗದಲ್ಲಿ ಎಲ್ಲಕ್ಕೂ ನಡಾವಳಿ ಬರೆದಿಡುವ ಪದ್ಧತಿ ಇದೆ. ಆಮೇಲೆ ಯಾರೂ ‘ನಾ ಹಂಗ ಅಂದೇ ಇಲ್ಲ’ ಅನ್ನಬಾರದು.

ಮೊದಲು ಹಿನ್ನೆಲೆ. ಮಾರ್ಚಿನಲ್ಲಿ ಭಾವ ಅಕ್ಕಿ ಮೂಟೆಗಳ ಜೊತೆ ನಿನ್ನ ಉತ್ತರ ತಂದರು. ನಾನೂ ಸರ್ ಇಬ್ಬರೂ ಬಾಯಿ ತೆರೆದು ನಿಂತೆವು. ಭಾವ ಮೂರು ಮೂಟೆ ಇಳಿಸಿ, ಬೆವರು ಒರೆಸಿ, ‘ಅಕ್ಷರ ಸವದಾವಂತ್ರಿ’ ಅಂದರು. ಅಷ್ಟೇ. ಸರ್ ಮುಖ ಸಣ್ಣದಾಯಿತು. ಅವರು ತೆಗೆದ ಪಡಿಯಚ್ಚಿಗೆ ಇದುವರೆಗೆ ಯಾರೂ ಹಾಗೆ ಅಂದಿದ್ದಿಲ್ಲ. ‘ಹಂಪಕ್ಕ ಅಂದಾಳ ಅಂದ್ರ ಖರೇನ ಇರ್ತದ. ಗಾಣದ ಮಸಿ ದಪ್ಪ ಆಗ್ಯದ, ಸಣ್ಣ ಗೆರಿ ಮುಚ್ಚ್ಯಾವ’ ಅಂದರು. ಕಾಲುವೆ ಬಂದ್ ಆಗುವುದನ್ನೇ ಕಾದು, ನೀರು ಇಳಿದ ಮೇಲೆ ಕೆಸರಿನಲ್ಲಿ ಇಳಿದು, ಆ ಕಲ್ಲನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆವು. ಯಾರ ಬ್ರಷ್ಷು ಅಂತ ಕೆಂಚಣ್ಣನಿಗೆ ಹೇಳಬೇಡ. ಮಸಿಯನ್ನು ಸರ್ ಅವರ ರೇಷ್ಮೆ ಶಲ್ಯದಲ್ಲಿ ಸೋಸಿದೆವು, ಸನ್ಮಾನದಲ್ಲಿ ಬಂದದ್ದು, ಬೇರೆ ಉಪಯೋಗ ಇರಲಿಲ್ಲ. ಹೊಸ ಪಡಿಯಚ್ಚಿನಲ್ಲಿ ಅಕ್ಷರಗಳು ಕರಿ ಹಲಗೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಎದ್ದು ಬಂದವು. ಅದನ್ನು ಕೊಳವೆ ಮಾಡಿ ಹಿಡಿದು ನಾನು ಕಂಪ್ಲಿ ಬಸ್ಸು ಹತ್ತಿದೆ.

ಇನ್ನು ನಡಾವಳಿ.

ಸ್ಥಳ: ನಿಮ್ಮ ಪಡಸಾಲೆ. ಹಾಜರಿದ್ದವರು: ನಾನು, ಭಾವ, ತೊಟ್ಟಿಲಲ್ಲಿ ಹೊಳೆಮ್ಮ, ಅಡುಗೆಮನೆ ಬಾಗಿಲಿಗೆ ಒರಗಿ ನೀನು. ನಾನು ಅಂಗಳದಿಂದಲೇ ‘ಅಕ್ಕಾ, ದಂಡು ಬಂತು’ ಅಂತ ಕೂಗಿದ್ದೆ. ನೀನು ಒಳಗಿನಿಂದ, ‘ಬಾರೋ ಮೂಕ, ನಿನ್ನ ಹೆಸರು ಇಟ್ಟೋರಿಗೆ ಕಿವಿ ಇರಲಿಲ್ಲೇನೋ’ ಅಂದೆ. ಇಲ್ಲಿಯವರೆಗೆ ಸಭೆ ಸೌಹಾರ್ದದಿಂದ ನಡೆಯಿತು.

ನಾನು ವಿಷಯ ಎತ್ತಿದೆ. ಭಾವ ಬೇಡ ಅನ್ನುತ್ತಾರೆ, ಆಗ ಏನೇನು ಹೇಳಬೇಕು ಅಂತ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅವರು, ‘ನಾ ಏನ್ ಬ್ಯಾಡ ಅಂದೀನೇನಲೇ? ಕೂಸಿಗೆ ನಮ್ಮವ್ವ ಅದಾಳ. ಮುಂಜಾನಿ ಬಸ್ಸಿಗೆ ನಾನ ಕರ್ಕೊಂಡು ಬಂದು ಬಿಡ್ತೀನಿ. ಆಕೀನ ಕೇಳು’ ಅಂದು ನೆಲ ನೋಡುತ್ತಾ ಕೂತರು. ನನ್ನ ಬಾಯಿಪಾಠ ವ್ಯರ್ಥವಾಯಿತು.

ನಾನು ಪಡಿಯಚ್ಚು ಬಿಚ್ಚಿ ನಿನ್ನ ಕೈಗೆ ಕೊಟ್ಟೆ. ನೀನು ಬಾಗಿಲ ಬೆಳಕಿಗೆ ಹೋದೆ. ಕಾಗದವನ್ನು ಮೂಗಿನ ಹತ್ತಿರ ತಂದೆ, ಆ ಕಡೆ ಈ ಕಡೆ ಸರಿಸಿದೆ. ಆಮೇಲೆ ಸುರುಳಿ ಸುತ್ತಿ, ‘ಅಕ್ಷರ ಸವದಾವೋ ಮೂಕ’ ಅಂದೆ.

‘ಎಲ್ಲಿ ಸವದಾವ? ಕಾಗಿಗಿಂತ ಕರ್ರಗ ಅದ. ಸರ್ ಶಲ್ಯ ಹಾಳು ಮಾಡಿಕೊಂಡು ತಗದಾರ’ ಅಂದೆ ನಾನು.

‘ಸವದಾವಂದ್ರ ಸವದಾವು. ಊಟಕ್ಕೇಳು.’

‘ಓದೋಕ ಬರ್ತಿಯೋ ಇಲ್ಲೋ, ಅದನ್ನರ ಹೇಳು.’

‘ನನಗಾಗೋದಿಲ್ಲ. ಇನ್ನೊಮ್ಮೆ ಕೇಳಬ್ಯಾಡ.’

ಸಭೆ ಮುಕ್ತಾಯವಾಯಿತು.

ಹಾದಿ ಉದ್ದಕ್ಕೂ ನನಗೆ ಅರ್ಥವಾಗಲಿಲ್ಲ. ಸರ್ ಮುಂದೆ ಅದೇ ಮಾತು ಹೇಳಿದೆ. ಅವರು ಆ ಪಡಿಯಚ್ಚನ್ನು ಮತ್ತೆ ಕಿಟಕಿಗೆ ಹಿಡಿದು, ಕನ್ನಡಕ ತೆಗೆದು, ಹಾಕಿ, ‘ಇನ್ನೊಂದು ತಗಿಯೋಣೇನ್ರಿ? ಕಾಗದ ತೆಳು ಇದ್ದದ್ದು ತಂದು ನೋಡೋಣ’ ಅಂದರು. ನಾವು ಏಳು ಮಂದಿಯೂ ಹಂಗೇ ನಂಬಿದೆವು. ಅಕ್ಷರ ಸವೆದಿವೆ ಅಂದರೆ ನಮಗೆ ಕಲ್ಲು ಬಿಟ್ಟು ಬೇರೇನೂ ತೋಚುವುದಿಲ್ಲ. ಕೆಂಚಣ್ಣ ಒಬ್ಬ, ‘ಅಕ್ಕಾಗ ಮನಸಿಲ್ಲಲೇ. ಕಂಪ್ಲಿ ಅನ್ನ ಉಂಡು ಹಳಗನ್ನಡ ಯಾರಿಗೆ ನೆನಪಿರ್ತದ’ ಅಂದ. ನಾನು ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಆಮೇಲೆ ಅವನು ಹೇಳಿದ್ದೇ ಸರಿಯಿರಬೇಕು ಅನ್ನಿಸತೊಡಗಿತು.

ಅದಕ್ಕೇ ಅಕ್ಕಾ, ನಮ್ಮ ಶಾಸನಗಳ ಕೊನೆಯಲ್ಲಿ ಇರುವಂತೆ ನಿನಗೂ ಒಂದು ಶಾಪ ಬರೆದು ಮುಗಿಸುತ್ತೇನೆ. ಈ ವಿಭಾಗದ ಎಂಟನೆಯ ಜಾಗವನ್ನು ಆವಳೊಬ್ಬಳು ಬರಿದು ಬಿಟ್ಟಳೋ ಆಕೆ ಕಂಪ್ಲಿಯ ಕೋಟೆಯ ಮುಂದೆ ಏಳು ವಿದ್ಯಾರ್ಥಿಗಳ ಕೂಳು ಕಸಿದ ಪಾಪಕ್ಕೆ ಹೋಹಳು. ಆಕೆಯ ಒಲೆ ಹೊಗೆಯಾಡುಗೆ, ಆಕೆಯ ಹಾಲು ಒಡೆಗೆ, ಆಕೆ ಓದಿದ್ದೆಲ್ಲ ಮರೆತುಹೋಗುಗೆ.

ಇನ್ನೂ ಎರಡು ತಿಂಗಳಿದೆ. ಮನಸ್ಸು ಬದಲಾದರೆ ಶಾಪ ತಾನಾಗಿ ರದ್ದಾಗುತ್ತದೆ.

ನಿನ್ನ ತಮ್ಮ,
ಮೂಕ


ಹೊಸಪೇಟೆ,
21 ಆಗಸ್ಟ್ 1988

ಅಕ್ಕ ಹಂಪಕ್ಕನಿಗೆ, ಮಾಜಿ ವಿದ್ಯಾರ್ಥಿಯೂ ಹಾಲಿ ನಿರುದ್ಯೋಗಿಯೂ ಆದ ಮೂಕಣ್ಣನ ನಮಸ್ಕಾರಗಳು.

ಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ನಾನು ಬರಬೇಕಾಗಿತ್ತು. ಬರಲಿಲ್ಲ. ಅವ್ವ ಬಾಯಿಗೆ ಬಂದಂತೆ ಬೈದಳು. ‘ಹೆಣ್ಮಗಳು ಬಾಗಲಾಗ ನಿಂತು ಹಾದಿ ನೋಡ್ಯಾಳ, ನೀ ಇಲ್ಲಿ ಉಂಡಿ ತಿಂತೀಯ’ ಅಂದಳು. ಕೆಲಸವಿತ್ತು ಅಂತ ಹೇಳಿದೆ. ಏನು ಕೆಲಸ ಅಂತ ಕೇಳಿದಳು, ನಾನು ಇನ್ನೊಂದು ಉಂಡಿ ತಗೊಂಡೆ. ಈ ಕಾಗದವನ್ನೂ ಅವ್ವನ ಉಂಡಿಗಳನ್ನೂ ಅಕ್ಕಿ ಲಾರಿಯ ಎರ್ರೆಪ್ಪನ ಕೈಲಿ ಕಳಿಸಿದ್ದೇನೆ. ಶೇಂಗಾ ಉಂಡಿ ಎರಡು ಕಡಿಮೆ ಇದ್ದರೆ ಎರ್ರೆಪ್ಪನನ್ನು ಹಿಡಿ. ನಾಲ್ಕು ಕಡಿಮೆ ಇದ್ದರೆ ಉಳಿದೆರಡು ನನ್ನವು.

ವಿಭಾಗದ ಸುದ್ದಿ ನಿನಗೆ ಮುಟ್ಟಿರಬೇಕು. ಆಗಸ್ಟ್ ಮೊದಲ ವಾರ ಮುಚ್ಚಿತು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಂಟು ಮಂದಿ ಇದ್ದಿದ್ದರೂ ಮುಚ್ಚುತ್ತಿದ್ದರಂತೆ. ಸರ್ ದೊಡ್ಡ ಆಫೀಸಿಗೆ ಹೋದಾಗ ಅಲ್ಲಿಯವರೇ ಬಾಯಿಬಿಟ್ಟು ಹೇಳಿದರಂತೆ, ‘ಎಂಟಲ್ಲ, ಎಂಬತ್ತು ಇದ್ದರೂ ಅಷ್ಟೇರಿ, ಯಾವಾಗೋ ತೀರ್ಮಾನ ಆಗಿತ್ತು, ಎಂಟು ಅನ್ನೋದು ಹೆಸರಿಗೆ’ ಅಂತ. ನಾವು ಸುಮ್ಮನೆ ಮಸಿ ಕೆರೆದೆವು, ಸುಮ್ಮನೆ ನಿನ್ನನ್ನು ಕಾಡಿದೆವು.

ಮುಚ್ಚಿದ ದಿನದ ವರದಿ ಹೀಗಿದೆ. ಲಾರಿ ಬಂತು. ಕಪಾಟು ಒಯ್ಯುವವರು ಗೋಡೆಯಿಂದ ಅದನ್ನು ಸರಿಸಿದಾಗ ಹಿಂದೆ ಇರುವೆಗಳ ಒಂದು ಪಟ್ಟಣವೇ ಇತ್ತು. ಹಮಾಲರು ಕುಣಿದಾಡಿಬಿಟ್ಟರು. ವಿಭಾಗದ ಪರವಾಗಿ ಕೊನೆಯವರೆಗೂ ಕಾದಾಡಿದವರು ಅವರೇ, ಅಂದರೆ ಇರುವೆಗಳು. ಸರ್ ಹಾಜರಿ ಕರೆದರು. ಲಾರಿಯವನು, ‘ಸಾರ್, ಜಲ್ದಿ’ ಅಂದ. ಅವರು ಅವನ ಕಡೆ ನೋಡದೆ ಏಳೂ ಹೆಸರು ಕರೆದರು, ನಾವು ಒಬ್ಬೊಬ್ಬರೇ ಎದ್ದು ನಿಂತು ಹೂಂ ಅಂದೆವು. ಕುರ್ಚಿಗಳು ಆಗಲೇ ಲಾರಿಗೆ ಹೋಗಿದ್ದವು, ನೆಲದಿಂದ ಏಳಬೇಕಾಯಿತು. ಕೆಂಚಣ್ಣನ ಸರದಿ ಬಂದಾಗ ಅವನು ಗೋಡೆಯ ಕಡೆ ತಿರುಗಿ ಹೂಂ ಅಂದ. ಅವನು ಈಗ ಸಂಡೂರಿನಲ್ಲಿ ಅದಿರಿನ ಲಾರಿ ತೂಗುವ ಕಡೆ ಸೇರಿದ್ದಾನೆ. ಮೊನ್ನೆ ಸಿಕ್ಕಿದ್ದ, ತಲೆಕೂದಲೆಲ್ಲ ಕೆಂಪು. ‘ಸಂಬಳ ಚಲೋ ಅದಲೇ’ ಅಂದ, ನಾನು ಕೇಳದಿದ್ದರೂ ಮೂರು ಸಲ ಅಂದ.

ಆದರೆ ಗಾದಿಲಿಂಗಪ್ಪ ಸರ್ ಇನ್ನೂ ಸೋಲೊಪ್ಪಿಲ್ಲ. ಭಾನುವಾರಕ್ಕೊಮ್ಮೆ ಹಂಪಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ ಕುಂಚ, ಮಸಿ ಡಬ್ಬಿ ಇಟ್ಟುಕೊಂಡು ಕೂಡುತ್ತಾರೆ. ನಾವು ಮೂರು ಮಂದಿ ಹೋಗುತ್ತೇವೆ. ಹೋದ ಸಲ ಬಾಳೆಹಣ್ಣಿನ ವ್ಯಾಪಾರ ಬಿಟ್ಟು ಒಬ್ಬಾಕೆಯೂ ಬಂದು ಕೂತಳು, ನೆರಳಿಗೆ. ವಿಭಾಗಕ್ಕೆ ಈಗ ಬಾಡಿಗೆ ಇಲ್ಲ, ಗ್ರ್ಯಾಂಟು ಇಲ್ಲ, ಖರ್ಚೂ ಇಲ್ಲ, ಆದಾಯವೂ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಲೆಕ್ಕ ಸರಿ ಹೊಂದಿತು ಅಂತ ಸರ್ ಅಂದರು. ಅಂದು ನಕ್ಕರು. ಆಮೇಲೆ ಮಸಿ ಡಬ್ಬಿಯ ಮುಚ್ಚಳ ಹಾಕಿ, ಅದು ಕೂಡಲಿಲ್ಲ, ಮತ್ತೆ ಹಾಕಿ, ‘ಇಪ್ಪತ್ತೆರಡು ವರ್ಷ ಕಲಿಸೀನಿ ಮೂಕಪ್ಪ. ಮನ್ಯಾಗ ಕುಂದ್ರಾಕ ಬರಂಗಿಲ್ಲ ನನಗ’ ಅಂದರು. ನನ್ನನ್ನು ಅವರು ಮೂಕಪ್ಪ ಅಂತ ಕರೆದದ್ದು ಅದೇ ಮೊದಲು. ನಾನು ಆ ಹೊತ್ತಿನಲ್ಲಿ ಏನಾದರೂ ತಮಾಷೆ ಹೇಳಬೇಕಾಗಿತ್ತು. ಡಬ್ಬಿ ತಗೊಂಡು ಮುಚ್ಚಳ ಒತ್ತಿ ಕೊಟ್ಟೆ.

ನಾನು ವಾರದ ಉಳಿದ ದಿನ ಅಲ್ಲೇ ಗೈಡು. ಬಂದವರಿಗೆ ಗಂಭೀರವಾಗಿ ಇತಿಹಾಸ ಹೇಳುತ್ತೇನೆ. ಹೋದ ವಾರ ಒಬ್ಬ ಸಾಹೇಬರು ಒಂದು ಮುರಿದ ಕಲ್ಲುತೊಟ್ಟಿ ತೋರಿಸಿ ಇದೇನು ಅಂದರು. ‘ಕಂಪ್ಲಿಯ ಮಹಾಮಂಡಲೇಶ್ವರ ವಿರೂಪಾಕ್ಷಪ್ಪನಾಯಕನು ಊಟ ಮಾಡುತ್ತಿದ್ದ ಗಂಗಾಳ’ ಅಂದೆ.

ಭಾವನ ವಿಷಯ ಬಂತಲ್ಲ, ಸ್ವಲ್ಪ ವಿಸ್ತಾರವಾಗಿ ಹೇಳಿಬಿಡುತ್ತೇನೆ. ಆ ನಾಯಕನ ಪ್ರಶಸ್ತಿ ಹೀಗಿದೆ. ಆತನು ನಕ್ಕರೆ ಕಾಲುವೆಯ ತೂಬು ತಾನಾಗಿ ಎತ್ತಿಕೊಳ್ಳುತ್ತಿತ್ತು. ಆತನು ಸೀನಿದರೆ ಗಂಗಾವತಿಯ ಗಿರಣಿಯವರು ಗುಡುಗು ಅಂತ ನೆಲ್ಲಿನ ಮೇಲೆ ತಾಡಪಾಲು ಹೊದಿಸುತ್ತಿದ್ದರು. ಆತನು ಹೆಣ್ಣು ನೋಡಲು ಕಡ್ಡಿರಾಂಪುರಕ್ಕೆ ಬಂದಾಗ ತಟ್ಟೆಯಲ್ಲಿಟ್ಟ ಮಂಡಾಳು ಒಗ್ಗರಣೆಯನ್ನು ಒಂದು ಕಾಳು ಬಿಡದೆ ತಿಂದು, ಹೆಣ್ಣಿನ ಮುಖ ನೋಡುವುದನ್ನು ಮರೆತು ಎದ್ದು ಹೋಗಿ, ಬಸ್ ಸ್ಟಾಪಿನಿಂದ ವಾಪಸ್ ಓಡಿ ಬಂದನು. ‘ಏನು ಮರೆತ್ರಿ?’ ಅಂತ ನಮ್ಮಪ್ಪ ಕೇಳಿದರೆ, ‘ಚಪ್ಪಲಿ’ ಅಂದನು. ಚಪ್ಪಲಿ ಆತನ ಕಾಲಲ್ಲೇ ಇದ್ದವು. ನೀನು ಬಾಗಿಲ ಸಂದಿಯಿಂದ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ಆ ದಿನವೇ ನಾನು ಅವ್ವನಿಗೆ ಹೇಳಿದ್ದೆ, ಇವನು ನಮ್ಮ ಅಕ್ಕನಿಗೆ ಆಗುತ್ತಾನೆ, ಇಷ್ಟು ಪೆದ್ದ ಬೇರೆಲ್ಲೂ ಸಿಗುವುದಿಲ್ಲ ಅಂತ.

ಕಾಲುವೆಗೆ ನೀರು ಬಿಟ್ಟಿದ್ದಾರೆ. ನಮ್ಮ ಕಲ್ಲು ಮುಳುಗಿದೆ. ಆ ನಾಲ್ಕು ಸಾಲು ಯಾರೂ ಓದಲಿಲ್ಲ, ಓದದಿದ್ದರೂ ನಡೆಯುತ್ತದೆ. ಹೆಂಗಸರು ಮತ್ತೆ ಬಟ್ಟೆ ಒಗೆಯುತ್ತಿದ್ದಾರೆ.

ಇಲ್ಲಿಗೆ ಕಾಗದ ಮುಗಿಯಿತು ಅಕ್ಕಾ. ನಿನ್ನ ಒಲೆ ಹೊಗೆಯಾಡದಿರಲಿ, ನಿನ್ನ ಹಾಲು ಕೆನೆಗಟ್ಟಲಿ, ನಿನ್ನ ಮಗಳು ನಿನ್ನ ಹಾಗೆ ಜಗಳಗಂಟಿಯಾಗಲಿ. ಚಿಕ್ಕವನು ಹರಸಬಾರದಂತೆ, ಆದರೂ ಹರಸಿದ್ದೇನೆ. ಇಟ್ಟುಕೋ.

ನಿನ್ನ ತಮ್ಮ,
ಮೂಕ

ವಿ.ಸೂ. (ಬೇರೆ ಹಾಳೆ)

ಭಾವ, ಇದನ್ನ ಮನಸ್ಸಿನಾಗ ಓದ್ರಿ. ನಿಮಗೆ ಹಾಗೆ ಓದಿ ರೂಢಿ ಇಲ್ಲ ಅಂತ ಗೊತ್ತು, ತುಟಿ ಬಿಗಿ ಹಿಡೀರಿ. ಅಕ್ಕ ಕೇಳಿದರೆ ಅಕ್ಕಿ ಲೆಕ್ಕ ಬರೆದಾನ ಅನ್ನಿರಿ.

ಪಂಚಮಿಗೆ ಮುಂಚಿನ ಆ ಬುಧವಾರ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಜೊತೆ ಎರಡು ಮಾತು ಆಡುವುದರಲ್ಲಿ ಹುಬ್ಬಳ್ಳಿ ಬಸ್ಸು ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಕಂಪ್ಲಿ ಬಸ್ಸಿನಿಂದ ನೀವಿಬ್ಬರೂ ಇಳಿದದ್ದನ್ನು ನಾನು ದೂರದಿಂದ ನೋಡಿದೆ. ಹೆದರಿಸೋಣ ಅಂತ ಜನರ ನಡುವೆ ನುಸುಳಿ ಬಂದು ಅಕ್ಕನ ಎದುರಿಗೇ ನಿಂತೆ. ಕಣ್ಣು ಅಗಲಿಸಿ, ನಾಲಗೆ ಚಾಚಿ, ಎರಡೂ ಕಿವಿ ಹಿಡಿದು ಮಂಗನ ಮುಖ ಮಾಡಿದೆ. ಸಣ್ಣವರಿದ್ದಾಗ ನಾನು ಹಾಗೆ ಮಾಡಿದರೆ ಆಕೆ ಅಟ್ಟಿಸಿಕೊಂಡು ಬಂದು ಹೊಡೆಯುತ್ತಿದ್ದಳು. ದನಿ ಮಾಡಲಿಲ್ಲ. ಹುಟ್ಟಿದಾಗಿನಿಂದ ಹೆಸರಿಗೆ ತಕ್ಕ ಹಾಗೆ ನಿಂತದ್ದು ಅದೊಂದೇ ಸಲ. ಅಕ್ಕ ನನ್ನ ಮುಖ ನೋಡಿದಳು. ನೋಡುತ್ತಲೇ ಮುಂದೆ ನಡೆದಳು. ಅವಳ ಸೆರಗು ನನ್ನ ಕೈಗೆ ತಾಗಿತು, ಯಾರೋ ದಾರಿಯವರು ಅಂತ ತಿಳಿದು, ‘ಸ್ವಲ್ಪ ಸರೀರಿ’ ಅಂದಳು. ನೀವು ಹಿಂದಿನಿಂದ ನನ್ನ ಕಡೆ ನೋಡಿ ಬೇಡ ಅಂತ ತಲೆ ಆಡಿಸಿದಿರಿ. ನನ್ನ ನಾಲಗೆ ಇನ್ನೂ ಹೊರಗೇ ಇತ್ತು.

ಅವಳನ್ನು ಬೆಂಚಿನ ಮೇಲೆ ಕೂಡಿಸಿ ನೀವು ಸೋಡಾ ತರುವ ನೆಪ ಮಾಡಿ ಬಂದಿರಿ. ನಾನು ಕೇಳಿದ್ದಕ್ಕೆ, ‘ಹುಬ್ಬಳ್ಳಿ ದವಾಖಾನಿಗೆ ತೋರಸಾಕ ಹೊಂಟೀವಿ. ಕಣ್ಣಿನ ನರ ಒಣಗ್ಯಾವಂತ. ಹೊಳೆಮ್ಮ ಹುಟ್ಟಿದಾಗ ಜ್ವರ ಬಂದಿತ್ತಲ್ಲ, ಅವಾಗಿಂದ. ಅಂಚಿನಾಗ ಸ್ವಲ್ಪ ಕಾಣ್ತದ, ನಟ್ಟನಡುವ ಏನೂ ಇಲ್ಲ’ ಅಂದಿರಿ. ನನಗ್ಯಾಕೆ ಹೇಳಲಿಲ್ಲ ಅಂದೆ. ‘ಆಕಿನ ಆಣಿ ಹಾಕ್ಸ್ಯಾಳ. ಮೂಕಗ ತಿಳಿದ್ರ ಅಳೋ ಮಾತು ಬರಿಯಾಕ ಶುರು ಮಾಡ್ತಾನ, ಆಮ್ಯಾಲ ಆ ಕಾಗದ ನಾ ಹೆಂಗ ಕೇಳ್ಲಿ ಅಂತಾಳ.’

ನನ್ನ ಕಾಗದಗಳನ್ನು ಓದಿ ಹೇಳುತ್ತಿದ್ದವರು ನೀವು ಅಂತ ಆಗ ತಿಳಿಯಿತು. ಎಲ್ಲಾ ಓದಿದ್ರೇನು ಅಂತ ಕೇಳಿದೆ. ‘ಎಮ್ಮಿ ಮೆಲುಕು ಹಾಕಿದ್ದು ಎರಡು ಸಲ ಓದ್ದೆ. ಆಕಿ ನಕ್ಕಳು, ಮತ್ತೊಮ್ಮೆ ಓದ್ರಿ ಅಂದ್ಲು. ಶಾಪ ಒಂದು ಓದ್ಲಿಲ್ಲ’ ಅಂದಿರಿ. ಸೋಡಾದವನಿಗೆ ದುಡ್ಡು ಕೊಟ್ಟು, ಬಾಟಲಿ ತಗೊಂಡು, ‘ನನ್ನ ಮ್ಯಾಲೆ ಇನ್ನಷ್ಟು ಬರಿ. ಬ್ಯಾರೆ ಯಾವುದಕ್ಕೂ ನಗವಲ್ಲಳು’ ಅಂದು ಹೋದಿರಿ.

ಬರೆದಿದ್ದೇನೆ. ಹೆಣ್ಣು ನೋಡಲು ಬಂದ ದಿನದ್ದನ್ನು ನಿಧಾನಕ್ಕೆ ಓದ್ರಿ, ‘ಚಪ್ಪಲಿ’ ಅನ್ನುವ ಮುಂಚೆ ಸ್ವಲ್ಪ ನಿಲ್ಲಿಸ್ರಿ. ಎಂಟು ಮಂದಿ ಇದ್ದರೂ ಮುಚ್ಚುತ್ತಿದ್ದರು ಅಂತ ಬರೆದದ್ದು ನಿಜವಲ್ಲ. ಎಂಟು ಇದ್ದಿದ್ದರೆ ಉಳಿಯುತ್ತಿತ್ತು. ಸುಳ್ಳು ಶಾಸನಕ್ಕೆ ನಮ್ಮಲ್ಲಿ ಕೂಟಶಾಸನ ಅನ್ನುತ್ತಾರೆ, ಓದಿದ್ದನ್ನು ನಾನು ಉಪಯೋಗಿಸಿದ್ದು ಇದೇ ಮೊದಲು. ಅದನ್ನು ಮಾತ್ರ ಜೋರಾಗಿ ಓದ್ರಿ, ಎರಡು ಸಲ ಓದ್ರಿ.

ಪಂಚಮಿಗೆ ಬರದಿದ್ದು ಇದಕ್ಕೇ. ಬಂದಿದ್ದರೆ ಏನೂ ತಿಳಿಯದವನ ಹಾಗೆ ಅವಳ ಮುಂದೆ ಕೂತು ಉಂಡಿ ತಿನ್ನಬೇಕಾಗುತ್ತಿತ್ತು. ದೀಪಾವಳಿಯೊಳಗೆ ಅದನ್ನು ಕಲಿತುಕೊಂಡು ಬರುತ್ತೇನೆ.

ಅಲ್ಲಿಯವರೆಗೆ ಒಂದು ಉಪಕಾರ ಮಾಡ್ರಿ ಭಾವ. ಕಾಗದ ಓದುವಾಗ ಕೈಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳಿ. ಅಕ್ಕ ಎಲ್ಲಿ ನಕ್ಕಳೋ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದು, ಎರ್ರೆಪ್ಪನ ಕೈಲಿ ವಾಪಸ್ ಕಳಿಸ್ರಿ. ಎಲ್ಲೂ ನಗದಿದ್ದರೂ ಎಲ್ಲಾದರೂ ಒಂದು ಎಳೀರಿ.